ದಿವಾರ್ ಫೆರಿ: ಟಿಕೆಟ್ ಇಲ್ಲದ ಸವಾರಿ, ಇಡೀ ದಿನದ ತಿರುಗಾಟ

ಪಣಜಿಯಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಬರ ಇಲ್ಲ. ದಸರಾ ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಯಾರಾದರೂ ಬಂದೇ ಬರುತ್ತಾರೆ. ಬಂದವರು ಕೇಳುವುದು ಎರಡೇ: ಬೀಚು ಮತ್ತು ಬೋಟು. ಬೀಚಿಗೆ ದಾರಿ ಎಲ್ಲರಿಗೂ ಗೊತ್ತು. ಬೋಟಿನ ವಿಷಯಕ್ಕೆ ಬಂದರೆ, ಸಂಜೆ ಪಣಜಿಯಿಂದ ಹೊರಡುವ ಡ್ಯಾನ್ಸ್ ಬೋಟುಗಳನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಬೆಳಿಗ್ಗೆ ಹಳೇ ಗೋವಾಕ್ಕೆ ಹೋಗಿ ದಿವಾರ್ ಫೆರಿ ಹತ್ತಿ.

ಆ ಸಂಜೆ ಬೋಟುಗಳಲ್ಲಿ ಒಂದಕ್ಕೆ ನಾವೂ ಹೋಗಿದ್ದೆವು. ತಲೆಗಿಷ್ಟು ಅಂತ ದುಡ್ಡು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸ್ಪೀಕರಿನ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡು ಬಂದೆವು. "ಈಗ ಜೋಡಿಗಳು ಬನ್ನಿ, ಈಗ ಮಕ್ಕಳು ಬನ್ನಿ" ಅಂತ ಮೈಕಿನವನು ಹಿಂದಿಯಲ್ಲಿ ಕೂಗುತ್ತಲೇ ಇದ್ದ. ಹೊಳೆ ಕಡೆ ಯಾರೂ ತಿರುಗಿ ನೋಡಲಿಲ್ಲ. ಆ ಕತ್ತಲಲ್ಲಿ ನೋಡುವುದಾದರೂ ಏನಿತ್ತು ಬಿಡಿ.

ಫೆರಿ ಹಾಗಲ್ಲ. ಅದು ಟೂರಿಸ್ಟರಿಗೆ ಅಂತ ಮಾಡಿದ್ದೇ ಅಲ್ಲ. ದಿವಾರ್ ಅನ್ನುವುದು ಮಾಂಡೋವಿ ನದಿಯ ನಡುವಿನ ದ್ವೀಪ. ಅಲ್ಲಿಗೆ ಸೇತುವೆ ಇಲ್ಲ. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಎಲ್ಲದಕ್ಕೂ ಫೆರಿಯೇ ಗತಿ. ನಡೆದು ಹತ್ತುವವರು ಒಂದು ಪೈಸೆ ಕೊಡಬೇಕಿಲ್ಲ. ದಾಟಲು ಐದು-ಹತ್ತು ನಿಮಿಷ ಸಾಕು.

ಹತ್ತುವ ಜಾಗವೇ ಅರ್ಧ ಮಜಾ. ಹಳೇ ಗೋವಾದ ದೊಡ್ಡ ಚರ್ಚುಗಳನ್ನು ದಾಟಿ ಹೊಳೆ ಕಡೆ ಇಳಿದರೆ ವೈಸರಾಯ್ ಕಮಾನು ಸಿಗುತ್ತದೆ. 16ನೇ ಶತಮಾನದ ಕೊನೆಯಲ್ಲಿ ವಾಸ್ಕೋ ಡ ಗಾಮಾನ ಮರಿಮೊಮ್ಮಗ ಇಲ್ಲಿ ವೈಸರಾಯ್ ಆಗಿದ್ದಾಗ ಕಟ್ಟಿಸಿದ್ದು. ಹೊಳೆ ಕಡೆಯ ಮುಖದಲ್ಲಿ ಮುತ್ತಾತನ ಮೂರ್ತಿಯನ್ನೂ ಇಡಿಸಿದ್ದಾನೆ, ಬಿಡುತ್ತಾನೆಯೇ! ಲಿಸ್ಬನ್ನಿನಿಂದ ಬಂದ ಹೊಸ ವೈಸರಾಯ್‌ಗಳು ಹಡಗಿನಿಂದ ಇಳಿದು ಇದರಡಿಯಲ್ಲೇ ಊರೊಳಗೆ ಹೋಗುತ್ತಿದ್ದರು. ಕಾಲರಾ, ಮಲೇರಿಯಾ ಬಡಿದು ಊರು ಖಾಲಿಯಾಯಿತು. 1843ರಲ್ಲಿ ರಾಜಧಾನಿಯೂ ಪಣಜಿಗೆ ಹೋಯಿತು. ಈಗ ಅದೇ ಕಮಾನಿನಡಿಯಲ್ಲಿ ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್, ಆಕ್ಟಿವಾ ಸ್ಕೂಟರ್ ಎಲ್ಲ ಹಾದು ಹೋಗುತ್ತವೆ.

ಫೆರಿ ಅಂದರೆ ತೇಲುವ ಕಬ್ಬಿಣದ ಅಂಗಳ. ದಡ ಹತ್ತಿರ ಬಂದಂತೆ ಮುಂದಿನ ಕಬ್ಬಿಣದ ಹಲಗೆಯನ್ನು ಕೆಳಗಿಳಿಸುತ್ತಾರೆ. ಅದು ಇಳಿಜಾರಿನ ಕಾಂಕ್ರೀಟಿಗೆ ತಾಗಿ ಗರಗರ ಅನ್ನುವ ಮೊದಲೇ ಎಲ್ಲ ಸ್ಕೂಟರು ಸ್ಟಾರ್ಟ್ ಆಗಿರುತ್ತವೆ. ಹಲಗೆ ಒದ್ದೆ, ಮೇಲೆ ಪಾಚಿ ಬೇರೆ. ದಿನಾ ಓಡಾಡುವವರು ಒಂದು ಕಾಲು ಊರಿಕೊಂಡು ಸಲೀಸಾಗಿ ಇಳಿದು ಹೋಗುತ್ತಾರೆ. ನಾವು ನೀವು ಅವರ ಹಿಂದೆ ಅವಸರ ಮಾಡಬಾರದು. ನಡೆದು ಬಂದವರಿಗೆ ಪಕ್ಕದಲ್ಲಿ ಬೆಂಚು ಇರುತ್ತದೆ. ನಾನಂತೂ ಕಟಕಟೆ ಹಿಡಿದು ನಿಂತೇ ಇರುತ್ತೇನೆ. ಹಿಂದೆ ತಿರುಗಿದರೆ ತೆಂಗಿನ ಮರಗಳ ಮೇಲೆ ಚರ್ಚಿನ ಬಿಳಿ ಗೋಪುರಗಳು. ಹಳೇ ಗೋವಾ ನೋಡಲು ಚೆಂದ ಕಾಣುವುದು ಈ ಫೆರಿಯಿಂದಲೇ ಅನ್ನಿಸುತ್ತದೆ ನನಗೆ.

ಹೋದ ಸಲ ನವಲಗುಂದದ ಕಾಕಾ, ಕಾಕು ಬಂದಿದ್ದರು. ಕಾಕಾ ನೀರನ್ನೇ ನೋಡುತ್ತಾ ನಿಂತಿದ್ದರು. "ಇದs ಏನವಾ ಮಹದಾಯಿ?" ಅಂದರು. ಹೌದು, ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ಅದೇ ಹೊಳೆ, ಇಲ್ಲಿ ಮಾಂಡೋವಿ ಅನ್ನುತ್ತಾರೆ ಅಂದೆ. "ಇಷ್ಟೊಂದು ನೀರು ಸುಮ್ನ ಸಮುದ್ರಕ್ಕ ಹೊಂಟೈತಲ್ಲ!" ಅಂತ ಗಟ್ಟಿ ದನಿಯಲ್ಲೇ ಅಂದುಬಿಟ್ಟರು. ಮಹದಾಯಿ ನೀರನ್ನು ನಮ್ಮ ಕಡೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನವಲಗುಂದ-ನರಗುಂದದಲ್ಲಿ ಧರಣಿ ಕೂತವರ ಪೈಕಿ ಅವರು. 2018ರ ನ್ಯಾಯಮಂಡಳಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಬಂದದ್ದು 13.42 ಟಿಎಂಸಿ ಅನ್ನುವುದು ಅವರಿಗೆ ಬಾಯಿಪಾಠ. ಗೋವಾದವರ ವಾದವೂ ಸುಳ್ಳಲ್ಲ, ಮೇಲಿನ ನೀರು ಕಡಿಮೆಯಾದರೆ ಇಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ ಅಂತ ನಾನು ಮೆಲ್ಲಗೆ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಗೌಂಡಿ ಕೆಲಸದವನೊಬ್ಬ ನಕ್ಕ. "ಯಾವೂರಪಾ?" "ಗಜೇಂದ್ರಗಡ ಕಡೇವ್ರರಿ ಕಾಕಾರ. ಇಲ್ಲೇ ದ್ವೀಪದಾಗ ಮನೀ ಕಟ್ಟಾಕ ಹತ್ತೀವಿ." ಆಮೇಲೆ ಇಬ್ಬರೂ ದಡ ಬರುವವರೆಗೆ ಮಳೆ-ಬೆಳೆ ಮಾತಾಡಿದರು.

ದ್ವೀಪದಲ್ಲಿ ಇಳಿದ ಮೇಲೆ ರಸ್ತೆಯ ಎರಡೂ ಕಡೆ ತಗ್ಗಿನ ಗದ್ದೆ. ಇದನ್ನು ಖಜಾನ್ ಅನ್ನುತ್ತಾರೆ. ಕುಮಟಾ-ಅಂಕೋಲಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ಹೊಸದಲ್ಲ. ಮಣ್ಣಿನ ಏರಿ ಕಟ್ಟಿ ಉಪ್ಪುನೀರು ತಡೆಯುವುದು, ಉಬ್ಬರ ಇಳಿತಕ್ಕೆ ತಕ್ಕಂತೆ ತೂಬಿನ ಬಾಗಿಲು ತೆಗೆದು ಹಾಕುವುದು, ಮಳೆಗಾಲದಲ್ಲಿ ಭತ್ತ, ಆಮೇಲೆ ಸೀಗಡಿ-ಮೀನು. ಅಲ್ಲಿ ಕಗ್ಗ ಭತ್ತ ಇದ್ದಂತೆ ಇಲ್ಲಿ ಕೊರ್ಗುಟ್ ಅನ್ನುವ ತಳಿ ಇದೆ, ಉಪ್ಪಿಗೆ ಜಗ್ಗುವುದಿಲ್ಲ. ನೋಡಬೇಕಾದ ಕಾಲ ಅಂದರೆ ಜುಲೈ-ಆಗಸ್ಟ್. ಮಳೆಗೆ ಹೆದರದಿದ್ದರೆ ಮಾತ್ರ.

ಗದ್ದೆ ದಾಟಿದರೆ ಪಿಯೇದಾದ್ ಅನ್ನುವ ಊರು. ಗುಡ್ಡದ ಮೇಲೆ ಚರ್ಚು, ಕೆಳಗೆ ಹಂಚಿನ ಮನೆಗಳು. ಮನೆ ಮುಂದಿನ ಕಟ್ಟೆಯಲ್ಲಿ ಕೂತ ಅಜ್ಜಂದಿರು ಎಲ್ಲರಿಗೂ ಕೈ ಎತ್ತುತ್ತಾರೆ. ಚರ್ಚಿನ ಹತ್ತಿರದಿಂದ ಇಡೀ ಹೊಳೆ ಕಾಣುತ್ತದೆ. ಆಗಸ್ಟಿನ ನಾಲ್ಕನೇ ಶನಿವಾರ ಇಲ್ಲಿ ಬೋಂದೆರಾಂ ಹಬ್ಬ. ಬಾವುಟ ಹಿಡಿದು ಒಂದೊಂದು ಕೇರಿಯವರು ಮೆರವಣಿಗೆ ಬರುತ್ತಾರೆ, ಬಿದಿರಿನ ಆಟದ ಬಂದೂಕಿನಲ್ಲಿ ಕಾಯಿ ತುಂಬಿ ಹೊಡೆದಾಡುತ್ತಾರೆ. ಚೆನ್ನಾಗಿರುತ್ತದೆ, ಆದರೆ ಆ ದಿನ ಫೆರಿಗೆ ಜನವೋ ಜನ. ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ಊಟದ ವಿಷಯ ನೇರವಾಗಿ ಹೇಳುತ್ತೇನೆ. ದ್ವೀಪದಲ್ಲಿ ನಾವು ಹೊಕ್ಕ ಖಾನಾವಳಿಯಂಥ ಜಾಗದಲ್ಲಿ ಮೀನಿನ ಸಾರು, ರವಾ ಹಚ್ಚಿ ಕರಿದ ಬಂಗಡೆ ಚೆನ್ನಾಗಿತ್ತು. ಆದರೆ ಬರಲು ಒಂದು ಗಂಟೆ ಹಿಡಿಯಿತು, ಬಂದಾಗ ಅನ್ನ ಮುಗಿದಿತ್ತು. ಪಾವ್ ತಂದಿಟ್ಟರು. ಕಾಕಾ, ಕಾಕು ಮೀನು ಮುಟ್ಟುವವರಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಸಿಕ್ಕಿದ್ದು ಮುರುಗಲು-ತೆಂಗಿನಹಾಲಿನ ಸೋಲ್ ಕಡಿ ಅಷ್ಟೇ. ಕಾಕು ಜಾಣೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ನಮ್ಮ ಕಡೆಯಿಂದ ಬರುವವರು ಹಾಗೇ ಮಾಡಿ.

ಇಲ್ಲಿಂದಲೇ ವಾಪಸ್ ಹೋಗುವವರೇ ಜಾಸ್ತಿ. ಹೋಗಬೇಡಿ. ದ್ವೀಪದ ಆಚೆ ತುದಿಯಲ್ಲಿ ನಾರೋವಾ ಅನ್ನುವ ಕಡೆ ಇನ್ನೊಂದು ಫೆರಿ ಇದೆ. ಕನ್ನಡದವರು ನೋಡಲೇಬೇಕಾದ್ದು ಅದರ ಎರಡು ದಡದಲ್ಲೂ ಇದೆ.

ಗೋವಾ ಕದಂಬರ ಕುಲದೈವ ಸಪ್ತಕೋಟೇಶ್ವರ ಮೊದಲು ಇದ್ದದ್ದು ಈ ದ್ವೀಪದ ದಡದಲ್ಲಿ. ಕದಂಬ ಅರಸರು ತಮ್ಮ ಬಿರುದಿನಲ್ಲಿ, ನಾಣ್ಯದ ಮೇಲೆ ಅವನ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಕಿತ್ತೂರು ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ನೋಡಿದ್ದೀರಲ್ವಾ? ಅದನ್ನು ಕಟ್ಟಿಸಿದ ಕಮಲಾದೇವಿ ಇದೇ ಗೋವಾ ಕದಂಬರ ರಾಣಿ. ಪಣಜಿಯ ಸರ್ಕಾರಿ ಬಸ್ಸಿನ ಮೇಲೆ ಬರೆದಿರುವ ಕದಂಬ ಕೂಡ ಇವರೇ.

14ನೇ ಶತಮಾನದಲ್ಲಿ ಬಹಮನಿ ಸೇನೆ ಆ ಗುಡಿಯನ್ನು ಕೆಡವಿತು. ವಿಜಯನಗರದ ಮಾಧವ ಮಂತ್ರಿ ಗೋವಾ ಗೆದ್ದ ಮೇಲೆ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಇನ್ನೊಮ್ಮೆ ಒಡೆದರು. ಲಿಂಗವನ್ನು ಬಾವಿಯ ಗಡಗಡೆಗೆ ಬಳಸುತ್ತಿದ್ದರು ಅಂತ ಹೇಳುತ್ತಾರೆ. ಭಕ್ತರು ಅದನ್ನು ಹೊಳೆ ದಾಟಿಸಿ ಆಚೆ ದಡದ ನಾರ್ವೆಗೆ ಒಯ್ದರು. ಆ ದಡ ಆಗ ಪೋರ್ಚುಗೀಸರ ಕೈಯಲ್ಲಿ ಇರಲಿಲ್ಲ. 1668ರಲ್ಲಿ ಶಿವಾಜಿ ಅಲ್ಲಿ ಗುಡಿ ಕಟ್ಟಿಸಿದರು.

ನಾವು ಈಗ ಫೆರಿಯಲ್ಲಿ ದಾಟುವುದು ಅದೇ ಹೊಳೆಯನ್ನು. ಆಚೆ ಇಳಿದರೆ ನಾರ್ವೆಯ ಗುಡಿ ಹತ್ತಿರವೇ. ಬಾದಾಮಿ, ಹಂಪಿ ನೋಡಿದ ಕಣ್ಣಿಗೆ ಚಿಕ್ಕದು. ಹೆಂಚಿನ ಇಳಿಜಾರು ಮಾಡು, ಗರ್ಭಗುಡಿಯ ಮೇಲೆ ಚರ್ಚಿನಂಥ ಗುಮ್ಮಟ, ಮುಂದೆ ದೀಪಸ್ತಂಭ, ಸುತ್ತ ದಟ್ಟ ಗಿಡಮರ. ಬಾಗಿಲ ಮೇಲೆ ಶಿವಾಜಿ ಹಾಕಿಸಿದ ಶಾಸನ ಇದೆ. ಇತ್ತೀಚೆಗೆ ಇಡೀ ಗುಡಿಯನ್ನು ದುರಸ್ತಿ ಮಾಡಿ 2023ರಲ್ಲಿ ಮತ್ತೆ ತೆರೆದಿದ್ದಾರೆ. ಹಾಗಾಗಿ ಎಲ್ಲ ಸ್ವಲ್ಪ ಹೊಸದಾಗಿ ಕಾಣುತ್ತದೆ. ಲಿಂಗ ದುಂಡಗಿಲ್ಲ, ಪಟ್ಟೆಪಟ್ಟೆಯಾಗಿ ಕೊರೆದಿದೆ. ಕಾಕು ಅದನ್ನು ಬಹಳ ಹೊತ್ತು ನೋಡಿ, "ಎಷ್ಟ ತಿರುಗಾಡಿಸಿದ್ರೂ ಮುಕ್ಕಾಗಿಲ್ಲ ನೋಡs" ಅಂದರು. ಬುತ್ತಿ ಬಿಚ್ಚಿದ್ದು ಅಲ್ಲೇ ಹೊರಗಿನ ನೆರಳಲ್ಲಿ.

ಅಲ್ಲಿಂದ ಮಯೆಂ ಮೇಲೆ ಚೋಡಣ ದ್ವೀಪಕ್ಕೆ ರಸ್ತೆಯಲ್ಲೇ ಬರಬಹುದು. ಬೋರ್ಡುಗಳಲ್ಲಿ ಚೊರಾವ್ ಅಂತ ಇರುತ್ತದೆ. ಪಣಜಿ ಕಡೆಯ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ, ಬರೀ 1.78 ಚದರ ಕಿಲೋಮೀಟರು. ಹಕ್ಕಿ ಹುಚ್ಚು ಇರುವವರು ಅಕ್ಟೋಬರಿನಿಂದ ಮಾರ್ಚ್ ಒಳಗೆ ಬೆಳಿಗ್ಗೆ ಬರಬೇಕು. ನಾವು ಹೋದದ್ದು ಮಧ್ಯಾಹ್ನ, ಹಕ್ಕಿ ಕಂಡದ್ದು ಕಡಿಮೆ. ಬದಲಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ನಡುವೆ ಕೆಸರಲ್ಲಿ ಕುಪ್ಪಳಿಸುವ ಮೀನು ಕಂಡವು. ಎದೆಯ ರೆಕ್ಕೆ ಊರಿ ತೆವಳುತ್ತವೆ, ತಲೆ ಮೇಲೆ ಗುಂಡಗಿನ ಎರಡು ಕಣ್ಣು. ಒಂದು ಕೊಂಡಿ ಮಾತ್ರ ದೊಡ್ಡದಿರುವ ಏಡಿ ಪಕ್ಕದಲ್ಲೇ ಅದನ್ನು ಎತ್ತಿ ಇಳಿಸಿ ಮಾಡುತ್ತಿತ್ತು. ಕಾಕಾ ಕೂತು ನೋಡಿದರು ಅಂದರೆ ಏಳಲೇ ಇಲ್ಲ. ಇಲ್ಲಿಂದ ಇನ್ನೊಂದು ಫೆರಿ ಹತ್ತಿದರೆ ರಾಯಬಂದರ್, ಅಲ್ಲಿಂದ ಪಣಜಿಗೆ 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಉದ್ದನೆಯ ಏರಿ ರಸ್ತೆ. ಹೀಗೆ ಒಂದು ಸುತ್ತು ಮುಗಿಯುತ್ತದೆ.

ಗಾಡಿ ಬಗ್ಗೆ ಒಂದು ಮಾತು. ಬಾಡಿಗೆ ಸ್ಕೂಟರ್ ತೆಗೆದುಕೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಪ್ಲೇಟಿನದು ಅಗ್ಗಕ್ಕೆ ಕೊಡುತ್ತಾರೆ, ಪೊಲೀಸರು ಹಿಡಿದರೆ ನಿಮ್ಮ ಪಾಡು ನಿಮಗೆ. ನಮಗೆ ಕೊಟ್ಟ ಗಾಡಿಯಲ್ಲಿ ಹಿಂದಿನ ಬ್ರೇಕ್ ಹೆಸರಿಗಷ್ಟೇ ಇತ್ತು, ಆ ಒದ್ದೆ ಹಲಗೆ ಇಳಿಯುವಾಗ ಜೀವ ಕೈಗೆ ಬಂತು. ಬ್ರೇಕ್ ಹಿಡಿದು ನೋಡಿ, ಪೆಟ್ರೋಲ್ ತುಂಬಿಸಿಕೊಂಡೇ ಫೆರಿ ಹತ್ತಿ. ವಯಸ್ಸಾದವರಿದ್ದರೆ ಕಾರೇ ವಾಸಿ. ಕಾರಿಗೆ ಫೆರಿಯಲ್ಲಿ ಸಣ್ಣ ಮೊತ್ತ ಕೊಡಬೇಕು.

ದಿವಾರ್‌ಗೆ ಸೇತುವೆ ಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ನನ್ನಂಥ ಒಂದು ದಿನದ ಅತಿಥಿಗೆ ಫೆರಿ ಚೆಂದ ಕಾಣುತ್ತದೆ. ನಡುರಾತ್ರಿ ಎದೆನೋವು ಬಂದವರ ಮನೆಯವರಿಗೆ ಹಾಗೆ ಕಾಣಲಿಕ್ಕಿಲ್ಲ. ಅದರಲ್ಲಿ ನಾನು ತಲೆಹಾಕುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ, ಹಲಗೆ ಇಳಿಯುವ ಮೊದಲೇ ಹಾರ್ನ್ ಒತ್ತುವ ಸವಾರರ ಪಾಲಿಗೆ.

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಕಾರಿನಲ್ಲಿ ಬರುವವರು ಈ ಸುತ್ತನ್ನು ಉಲ್ಟಾ ಮಾಡಿ. ಸಾಂಖಳಿ ದಾಟಿ ಡಿಚೋಲಿಯಲ್ಲಿ ಬನ್ಸ್-ಭಾಜಿ ತಿಂದು, ಮೊದಲು ನಾರ್ವೆ ಗುಡಿ, ಆಮೇಲೆ ಫೆರಿ, ದಿವಾರ್, ಇನ್ನೊಂದು ಫೆರಿ, ಹಳೇ ಗೋವಾ. ಸಂಜೆಯೊಳಗೆ ಪಣಜಿ ಮುಟ್ಟುತ್ತೀರಿ. ಡಿಸೆಂಬರ್ 3ರ ಆಸುಪಾಸು ಮಾತ್ರ ಬೇಡ, ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಹಳೇ ಗೋವಾದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.