‘ನೋ ಯುವರ್ ಕ್ಯಾಂಡಿಡೇಟ್’ ಆಪ್: ಟಿಕೆಟ್ ಗಲಾಟೆ ಹೊತ್ತಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಆಪ್ ಒಳಗಿರುವ ಕಾಗದಕ್ಕಾದರೆ ಐದೂ ಕೊಡಬಹುದು. ಅದನ್ನು ತೋರಿಸುವ ರೀತಿಗೆ ಎರಡು ಕೊಟ್ಟರೂ ಜಾಸ್ತಿಯೇ.

ಇದು ಚುನಾವಣಾ ಆಯೋಗದ ಮೊಬೈಲ್ ಆಪ್. ಕೆವೈಸಿ-ಇಸಿಐ ಅಂತ ಹುಡುಕಿದರೆ ಸಿಗುತ್ತದೆ, ಪುಕ್ಕಟೆ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿಕೊಂಡರೆ ನಾಮಪತ್ರ ಹಾಕಿದವರ ಪಟ್ಟಿ ಬರುತ್ತದೆ. ಹೆಸರು, ಫೋಟೊ, ಪಕ್ಷ, ನಾಮಪತ್ರ ಸ್ವೀಕಾರವಾಯಿತೋ ಬಿತ್ತೋ ಎಲ್ಲ ಇರುತ್ತದೆ. ಜೊತೆಗೆ ಅಪರಾಧ ಹಿನ್ನೆಲೆ ಇದೆಯಾ ಅನ್ನುವುದಕ್ಕೆ ಹೌದು ಅಥವಾ ಇಲ್ಲ. ಅದರ ಹಿಂದೆ ಅಭ್ಯರ್ಥಿ ಕೊಟ್ಟ ಅಫಿಡವಿಟ್ಟಿನ ಪಿಡಿಎಫ್. ಇಷ್ಟೇ.

ದಾವಣಗೆರೆಯಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಚುನಾವಣೆ ಬಂದರೆ ಮತದಾರರ ಪಟ್ಟಿ, ಎಪಿಕ್ (ವೋಟರ್ ಐಡಿ) ನಂಬರ್, ಅರ್ಜಿ ಅಂತ ಜನ ಬರುತ್ತಾರೆ. ಒಂದು ಸಲ ಅಕ್ಕಪಕ್ಕದ ಒಂದು ಕ್ಷೇತ್ರದಲ್ಲಿ ಒಂದು ಪಕ್ಷ ತಲೆ ತುಂಬ ಕೇಸು ಹೊತ್ತವರಿಗೆ ಟಿಕೆಟ್ ಕೊಟ್ಟಿತು. ಆಗ ಈ ಆಪ್ ನಿಜವಾಗಿ ಕೆಲಸಕ್ಕೆ ಬಿತ್ತು. ಯಾವ ಕ್ಷೇತ್ರ, ಯಾವ ಪಕ್ಷ, ಯಾವ ವರ್ಷ ಅಂತ ಹೇಳುವುದಿಲ್ಲ. ಹೇಳಿದರೆ ಆಪ್ ವಿಷಯ ಹಿಂದೆ ಬಿದ್ದು ಜಾತಿ ಲೆಕ್ಕ ಮುಂದೆ ಬರುತ್ತದೆ, ನಮ್ಮೂರು ನಿಮಗೆ ಗೊತ್ತಲ್ವಾ.

ಟಿಕೆಟ್ ಘೋಷಣೆಯಾದ ಸಂಜೆಯಿಂದಲೇ ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಅದೇ ಮಾತು. ಪಕ್ಷದ ಹಳೇ ಕಾರ್ಯಕರ್ತರೊಬ್ಬರಂತೂ ಕುದಿಯುತ್ತಿದ್ದರು. ‘ಬಾವುಟ ಕಟ್ಟಿದೋರು ನಾವು, ಬೂತಲ್ಲಿ ಕೂತು ಬೈಸಿಕೊಂಡೋರು ನಾವು, ಈಗ ಇವರ ಪರ ಮನೆ ಬಾಗಿಲಿಗೆ ಹೋಗಿ ಏನಂತ ಹೇಳೋದು?’ ಮಂಡಿಪೇಟೆ ಕಡೆಯ ಸಾಹುಕಾರರೊಬ್ಬರು ನಕ್ಕುಬಿಟ್ಟರು. ‘ಕೇಸ್ ಇಲ್ಲದೋರು ಯಾರಿದಾರೆ ಹೇಳ್ರಿ? ರಾಜಕೀಯ ಅಂದಮೇಲೆ ಕೇಸ್ ಇದ್ದೇ ಇರ್ತಾವೆ.’ ಹಕ್ಕುಪತ್ರಕ್ಕೆ ಅಲೆಯುತ್ತಿದ್ದ ಒಬ್ಬ ಅಕ್ಕ ಹೇಳಿದ್ದು ಇನ್ನೂ ಬೇರೆ. ‘ಅವರ ಮೇಲೆ ಏನಾರ ಇರ್ಲಪ್ಪ, ಬಾಗಿಲಿಗೆ ಹೋದ್ರೆ ಒಳಗೆ ಕರೀತಾರೆ, ಆಫೀಸಿಗೆ ಫೋನ್ ಮಾಡ್ತಾರೆ. ಒಳ್ಳೇರು ಅನ್ನಿಸ್ಕೊಂಡೋರು ಫೋನೇ ಎತ್ತಲ್ಲ.’ ಈ ಮಾತಿಗೆ ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಇಲ್ಲೇ ಆಪ್‌ನ ಮೊದಲ ಕೊರತೆ. ಜನ ಜಗಳ ಆಡುವುದು ಟಿಕೆಟ್ ಘೋಷಣೆಯಾದಾಗ. ಆಪ್‌ನಲ್ಲಿ ಹೆಸರು ಬರುವುದು ನಾಮಪತ್ರ ಹಾಕಿದಮೇಲೆ. 2023ರ ವಿಧಾನಸಭೆ ಚುನಾವಣೆಯನ್ನೇ ತಗೊಳ್ಳಿ, ಏಪ್ರಿಲ್ 13ರಿಂದ 20ರವರೆಗೆ ನಾಮಪತ್ರ, 24ಕ್ಕೆ ವಾಪಸ್ ಪಡೆಯಲು ಕೊನೆ ದಿನ, ಮೇ 10ಕ್ಕೆ ಮತದಾನ. ಟಿಕೆಟ್ ಸಿಕ್ಕ ದಿನಕ್ಕೂ ನಾಮಪತ್ರ ಹಾಕುವ ದಿನಕ್ಕೂ ನಡುವೆ ವಾಟ್ಸಾಪ್‌ನದ್ದೇ ಆಳ್ವಿಕೆ. ಕೊಲೆ ಕೇಸಿದೆ ಅಂತ ಒಬ್ಬರು, ಎಲ್ಲ ಖುಲಾಸೆಯಾಗಿದೆ ಅಂತ ಇನ್ನೊಬ್ಬರು. ಅಷ್ಟು ದಿನ ಆಪ್ ತೆರೆದರೆ ಖಾಲಿ ಪುಟ.

ಕೊನೆಗೆ ನಮ್ಮ ಕಡೆಯ ಆ ಟಿಕೆಟ್ ಸಿಕ್ಕವರ ಹೆಸರು ಆಪ್ ಒಳಗೆ ಬಂತು, ಅಪರಾಧ ಹಿನ್ನೆಲೆ ಹೌದು ಅಂತ ತೋರಿಸಿತು. ಅದರ ಸ್ಕ್ರೀನ್‌ಶಾಟ್ ಎದುರು ಪಕ್ಷದವರು ಹಂಚಿದರು. ಅರ್ಧ ಗಂಟೆಯಲ್ಲಿ ಈ ಕಡೆಯವರು ಎದುರು ಪಕ್ಷದ ಅಭ್ಯರ್ಥಿಯ ಸ್ಕ್ರೀನ್‌ಶಾಟ್ ತಂದರು. ಅಲ್ಲೂ ಹೌದು! ಸಾಹುಕಾರರಿಗೆ ಖುಷಿಯೋ ಖುಷಿ, ‘ನಾನು ಹೇಳಿರ್ಲಿಲ್ವಾ?’

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಭದ್ರಾ ನಾಲೆಗೆ ನೀರು ಬಿಡಿ ಅಂತ ರಸ್ತೆಯಲ್ಲಿ ಕೂತವರ ಮೇಲೂ ಕೇಸ್ ಆಗುತ್ತದೆ. ಸುಳ್ಳು ದಾಖಲೆ ಮಾಡಿ ಸೈಟು ಹೊಡೆದವರ ಮೇಲೂ ಆಗುತ್ತದೆ. ಆಪ್‌ಗೆ ಎರಡೂ ಒಂದೇ ‘ಹೌದು’. ಆರೋಪಪಟ್ಟಿ ಹಾಕಿದ್ದಾರೋ ಇಲ್ಲವೋ, ಶಿಕ್ಷೆ ಆಗಿದೆಯೋ ಇಲ್ಲವೋ, ಮುಖಪುಟದಲ್ಲಿ ಒಂದೂ ಕಾಣುವುದಿಲ್ಲ. ಹೀಗೆ ತೋರಿಸಿದರೆ ಜನ ಎಲ್ಲರೂ ಒಂದೇ ಅನ್ನದೆ ಇನ್ನೇನು ಅಂದಾರು?

ಹಾಗಾಗಿ ದಯವಿಟ್ಟು ಆ ‘ಹೌದು’ ನೋಡಿ ಆಪ್ ಮುಚ್ಚಬೇಡಿ. ಕೆಳಗೆ ಹೋಗಿ ಅಫಿಡವಿಟ್ ಇಳಿಸಿಕೊಳ್ಳಿ. ಅದಕ್ಕೆ ನಮೂನೆ 26 ಅನ್ನುತ್ತಾರೆ. ನೋಟರಿ ಮುಂದೆ ಪ್ರಮಾಣ ಮಾಡಿ ಕೊಟ್ಟ ಕಾಗದ. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಮೇಲೆ ಇದು ಶುರುವಾಯಿತು, 2003ರಲ್ಲಿ ಇನ್ನೊಂದು ತೀರ್ಪಿನಿಂದ ಗಟ್ಟಿಯಾಯಿತು. ಅದರೊಳಗೆ ಬಾಕಿ ಇರುವ ಕೇಸುಗಳದ್ದು ಒಂದು ಭಾಗ, ಶಿಕ್ಷೆಯಾದದ್ದು ಇನ್ನೊಂದು ಭಾಗ. ಎಫ್ಐಆರ್ ನಂಬರ್, ಠಾಣೆ, ಕೋರ್ಟು, ಕಾಯ್ದೆ, ಸೆಕ್ಷನ್, ದೋಷಾರೋಪ ನಿಗದಿಯಾಗಿದ್ದರೆ ಅದರ ತಾರೀಖು, ಎಲ್ಲ ಬರೆದಿರಬೇಕು. ನಾನು ಮೊದಲು ನೋಡುವುದು ಸೆಕ್ಷನ್ ಕಾಲಂ. ಹಳೇ ಐಪಿಸಿಯ 143, 341 ಅಂತಿದ್ದರೆ ಅದು ಗುಂಪು ಸೇರಿದ್ದು, ದಾರಿ ತಡೆದದ್ದು. ಧರಣಿ ಮಾಡಿದವರ ಮೇಲೆ ಹಾಕುವಂಥದ್ದು. 420 ಅಂದರೆ ವಂಚನೆ, ಎಲ್ಲರಿಗೂ ಗೊತ್ತು. 468 ಇದ್ದರೆ ಮೋಸಕ್ಕಾಗಿ ಸುಳ್ಳು ದಾಖಲೆ, 506 ಇದ್ದರೆ ಬೆದರಿಕೆ, 307 ಇದ್ದರೆ ಕೊಲೆ ಯತ್ನ. 2024ರ ಜುಲೈ 1ರ ನಂತರದ ಕೇಸುಗಳಲ್ಲಿ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ನಂಬರ್ ಇರುತ್ತದೆ. ವಂಚನೆ 318ಕ್ಕೆ ಹೋಗಿದೆ, ಕೊಲೆ ಯತ್ನ 109ಕ್ಕೆ.

ನಮ್ಮ ಅಂಗಡಿಯಲ್ಲಿ ಆ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡು ಹೋದವರು ಬಹಳ ಜನ. ಸ್ಕ್ರೀನ್‌ಶಾಟ್‌ಗೆ ಕೇರ್ ಮಾಡದವರು ಸೆಕ್ಷನ್ ಓದಿ ಸುಮ್ಮನಾದರು. ಹಳೇ ಕಾರ್ಯಕರ್ತರು ಎರಡೂ ಕಡೆಯ ಅಫಿಡವಿಟ್ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದರು. ಒಂದರಲ್ಲಿ ಬರೀ ರಸ್ತೆ ತಡೆ. ಇನ್ನೊಂದರಲ್ಲಿ, ಅಂದರೆ ಅವರದೇ ಪಕ್ಷದವರದ್ದರಲ್ಲಿ, ದುಡ್ಡು ಮತ್ತು ಜಾಗದ ವ್ಯವಹಾರ. ‘ಓಟು ಹಾಕ್ತೀನೋ ಇಲ್ವೋ ಹೇಳಲ್ಲ, ಪ್ರಚಾರಕ್ಕಂತೂ ಹೋಗಲ್ಲ’ ಅಂದರು. ಅಕ್ಕ ಮಾತ್ರ ಬದಲಾಗಲಿಲ್ಲ. ಅವರಿಗೆ ಬೇಕಾದದ್ದು ಹಕ್ಕುಪತ್ರ, ಅದಕ್ಕೆ ಆಪ್‌ನಲ್ಲಿ ಕಾಲಂ ಇಲ್ಲ.

ಒಂದು ಎಚ್ಚರಿಕೆ. ಅಫಿಡವಿಟ್‌ನಲ್ಲಿ ಬರೆದದ್ದೆಲ್ಲ ನಿಜ ಅಂತ ಯಾರೂ ತಪಾಸಣೆ ಮಾಡಿ ಹಾಕಿರುವುದಿಲ್ಲ. ಅಭ್ಯರ್ಥಿ ಬರೆದುಕೊಟ್ಟದ್ದು ಹಾಗೇ ಏರುತ್ತದೆ. ಸುಳ್ಳು ಹೇಳಿದರೆ, ಮುಚ್ಚಿಟ್ಟರೆ ಜನಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ. ತಪ್ಪಿದೆ ಅನ್ನಿಸಿದರೆ ಎದುರು ಅಫಿಡವಿಟ್ ಕೊಡಬಹುದು, ಅದನ್ನೂ ಪ್ರಕಟಿಸುತ್ತಾರೆ.

ಇನ್ನು ಈ ಆಪ್ ಕೊಡದೇ ಇರುವ ಒಂದು ಕಾಗದದ ಬಗ್ಗೆ ಹೇಳಬೇಕು, ನನ್ನ ಪ್ರಕಾರ ಅದೇ ಮುಖ್ಯ. ಕೇಸ್ ಇರುವವರಿಗೆ ಯಾಕೆ ಟಿಕೆಟ್ ಕೊಟ್ಟಿರಿ ಅಂತ ಪಕ್ಷ ಬರೆದು ಪ್ರಕಟಿಸಬೇಕು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದು. ಆಯ್ಕೆಯಾದ 48 ಗಂಟೆಯೊಳಗೆ ಪಕ್ಷದ ವೆಬ್‌ಸೈಟಿನಲ್ಲಿ, ಅದರ ಫೇಸ್‌ಬುಕ್ ಟ್ವಿಟರ್‌ನಲ್ಲಿ, ಒಂದು ಸ್ಥಳೀಯ ಭಾಷೆಯ ಪೇಪರ್ ಮತ್ತು ಒಂದು ರಾಷ್ಟ್ರೀಯ ಪೇಪರಿನಲ್ಲಿ ಬರಬೇಕು. ಕೇಸ್ ಇಲ್ಲದ ಬೇರೆಯವರು ಯಾಕೆ ಸಿಗಲಿಲ್ಲ ಅನ್ನುವುದಕ್ಕೂ ಕಾರಣ ಕೊಡಬೇಕು. ಗೆಲ್ಲುವ ಕುದುರೆ ಅನ್ನುವುದೊಂದೇ ಕಾರಣ ನಡೆಯುವುದಿಲ್ಲ ಅಂತ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಈ ಕಾಗದದ ಹೆಸರು ನಮೂನೆ ಸಿ-7.

ನಮ್ಮ ಕಡೆಯ ಆ ಟಿಕೆಟ್‌ಗೆ ಪಕ್ಷ ಕೊಟ್ಟ ಕಾರಣ ಹುಡುಕಿ ತೆಗೆದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಜನಪ್ರಿಯರು, ಸಮಾಜ ಸೇವಕರು, ಕೇಸುಗಳು ರಾಜಕೀಯ ಪ್ರೇರಿತ. ಅದೇ ಪಕ್ಷದ ಇನ್ನೊಬ್ಬ ಅಭ್ಯರ್ಥಿಯದ್ದು ತೆಗೆದರೆ ಅದೇ ಸಾಲು, ಹೆಸರು ಮಾತ್ರ ಬೇರೆ! ಬೇರೆಯವರು ಯಾಕೆ ಸಿಗಲಿಲ್ಲ ಅನ್ನುವ ಜಾಗದಲ್ಲಿ ಇವರಷ್ಟು ಯೋಗ್ಯರು ಯಾರೂ ಇರಲಿಲ್ಲ ಅನ್ನುವ ಅರ್ಥದ ಒಂದು ವಾಕ್ಯ. ಟಿಕೆಟ್ ಕೇಳಿದ್ದ ನಾಲ್ಕಾರು ಜನ ಅದೇ ಜಿಲ್ಲೆಯವರು, ಅವರ ಮುಖಕ್ಕೆ ಹೊಡೆದ ಹಾಗಿತ್ತು. ಹಳೇ ಕಾರ್ಯಕರ್ತರನ್ನು ಎಲ್ಲಕ್ಕಿಂತ ಜಾಸ್ತಿ ನೋಯಿಸಿದ್ದೂ ಆ ವಾಕ್ಯವೇ, ಕೇಸುಗಳ ಪಟ್ಟಿಯಲ್ಲ.

ಈ ಕಾಗದ ಆಪ್‌ನಲ್ಲಿ ಅಭ್ಯರ್ಥಿಯ ಫೋಟೊ ಕೆಳಗೇ ಇರಬೇಕಿತ್ತು. ಈಗ ಪಕ್ಷದ ವೆಬ್‌ಸೈಟಿನ ಯಾವುದೋ ಮೂಲೆಗೆ ಹೋಗಿ ಹುಡುಕಬೇಕು. ತಮಾಷೆ ಏನೆಂದರೆ ಆಪ್ ಹುಟ್ಟಿದ್ದೇ ಈ ನಿಯಮದ ಜಗಳದಲ್ಲಿ. ಬಿಹಾರದ 2020ರ ಚುನಾವಣೆಯಲ್ಲಿ ಪಕ್ಷಗಳು ಸರಿಯಾಗಿ ಪಾಲಿಸಲಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲವಕ್ಕೆ 1 ಲಕ್ಷ, ಕೆಲವಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಮತದಾರರಿಗೆ ಮೊಬೈಲ್ ಆಪ್ ಮಾಡಿಕೊಡಿ ಅಂತ ಆಯೋಗಕ್ಕೆ ಹೇಳಿದ್ದೂ ಅದೇ ತೀರ್ಪಿನಲ್ಲಿ. ಒಂದು ಎಂಎಲ್ಎ ಚುನಾವಣೆಗೆ 40 ಲಕ್ಷ ಖರ್ಚು ಮಾಡಲು ಬಿಡುವ ವ್ಯವಸ್ಥೆಯಲ್ಲಿ ಪಕ್ಷಕ್ಕೆ 1 ಲಕ್ಷ ದಂಡ ಅಂದರೆ ಪೆಂಡಾಲ್ ಖರ್ಚು.

ಅಭ್ಯರ್ಥಿಗಳೂ ತಮ್ಮ ಕೇಸುಗಳನ್ನು ಮೂರು ಸಲ ಪೇಪರ್ ಮತ್ತು ಟಿವಿಯಲ್ಲಿ ಹಾಕಿಸಬೇಕು. ಅಕ್ಷರ 12 ಪಾಯಿಂಟ್‌ಗಿಂತ ಸಣ್ಣದಿರಬಾರದು ಅಂತಲೂ ಇದೆ. ಓದುವವರು ಯಾರು ಬಿಡಿ.

ಎಲ್ಲ ವಿವಾದವೂ ಕೇಸಿನದ್ದೇ ಆಗಿರುವುದಿಲ್ಲ, ಅದನ್ನೂ ಹೇಳಬೇಕು. 2024ರಲ್ಲಿ ಚಿತ್ರದುರ್ಗ ಲೋಕಸಭೆಗೆ ಬಿಜೆಪಿ ಮುಧೋಳ ಕಡೆಯ ಗೋವಿಂದ ಕಾರಜೋಳರನ್ನು ನಿಲ್ಲಿಸಿತು. ಮಗನಿಗೆ ಟಿಕೆಟ್ ಕೇಳಿದ್ದ ಹೊಳಲ್ಕೆರೆ ಶಾಸಕ ಎಂ. ಚಂದ್ರಪ್ಪ ಬಹಿರಂಗವಾಗಿಯೇ ಸಿಟ್ಟಾದರು, ಹೊರಗಿನವರು ಯಾಕೆ ಅನ್ನುವ ಕೂಗು ಎದ್ದಿತು. ಕಾರಜೋಳ ಗೆದ್ದರು. 2019ರಲ್ಲಿ ಗೆದ್ದ ಎ. ನಾರಾಯಣಸ್ವಾಮಿ ಕೂಡ ಆನೇಕಲ್ ಕಡೆಯವರೇ. ನಮ್ಮ ದಾವಣಗೆರೆಯಲ್ಲಿ ಅದೇ ಚುನಾವಣೆಗೆ ಕಾಂಗ್ರೆಸ್‌ನಿಂದ ಶಾಮನೂರು ಶಿವಶಂಕರಪ್ಪನವರ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಆಗಿನ ಸಂಸದ ಸಿದ್ದೇಶ್ವರ ಅವರ ಪತ್ನಿ ಗಾಯಿತ್ರಿ. ಎರಡೂ ಮನೆ ಟಿಕೆಟ್ ಅಂತ ಗೊಣಗಿದವರು ಕಡಿಮೆ ಇರಲಿಲ್ಲ. ಪ್ರಭಾ ಸುಮಾರು 26 ಸಾವಿರ ಮತಗಳಿಂದ ಗೆದ್ದರು. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ಆ ಅಂತರಕ್ಕಿಂತ ಜಾಸ್ತಿ ಮತ ತಗೊಂಡರು. ಹೊರಗಿನವರು, ಮನೆಯವರು ಅನ್ನುವ ಈ ಸಿಟ್ಟನ್ನೆಲ್ಲ ಯಾವ ಅಫಿಡವಿಟ್ಟೂ ಹೇಳುವುದಿಲ್ಲ. ಆಪ್‌ನಿಂದ ಅದನ್ನು ಕೇಳುವುದೂ ತಪ್ಪು.

ನೋಟಾ ಒತ್ತುತ್ತೇನೆ ಅಂತ ಪ್ರಿಂಟ್ ತೆಗೆಸಿಕೊಂಡು ಹೋದ ಕಾಲೇಜು ಹುಡುಗರಿಗೂ ಒಂದು ಮಾತು. ನೋಟಾ 2013ರಿಂದ ಇದೆ, ಒತ್ತಿ, ನಿಮ್ಮ ಹಕ್ಕು. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಎಲ್ಲರಿಗಿಂತ ನೋಟಾಕ್ಕೇ ಜಾಸ್ತಿ ಬಿದ್ದರೂ ನಂತರದ ಸ್ಥಾನದವರೇ ಗೆಲ್ಲುತ್ತಾರೆ.

ಸಣ್ಣಪುಟ್ಟ ತೊಂದರೆಗಳು: ಅಫಿಡವಿಟ್ ಸ್ಕ್ಯಾನ್ ಮಾಡಿದ ಚಿತ್ರ, ಒಳಗೆ ಪದ ಹುಡುಕಲು ಆಗುವುದಿಲ್ಲ. ಕೆಲವು ವಕ್ರವಾಗಿ ಸ್ಕ್ಯಾನ್ ಆಗಿರುತ್ತವೆ, ಕೈಬರಹ ಇದ್ದರೆ ಕಣ್ಣು ಕಿರಿದು ಮಾಡಿ ಓದಬೇಕು. ಕೆಲವರದ್ದು ಕನ್ನಡದಲ್ಲಿ, ಕೆಲವರದ್ದು ಪೂರ್ತಿ ಇಂಗ್ಲಿಷ್‌ನಲ್ಲಿ. ಕೆವೈಸಿ ಅಂತ ಕೇಳಿ ಬ್ಯಾಂಕಿನದ್ದು ಅಂದುಕೊಂಡು ಆಧಾರ್ ಕಾರ್ಡ್ ಹಿಡಿದು ಬಂದವರೂ ಇದ್ದಾರೆ, ಅದು ಆಪ್ ತಪ್ಪಲ್ಲ ಬಿಡಿ. ಎಲ್ಲ ಆಪ್‌ಗಳನ್ನು ಸೇರಿಸಿ ಇಸಿಐನೆಟ್ ಅಂತ ಒಂದೇ ಮಾಡುತ್ತೇವೆ ಅಂತ ಆಯೋಗ 2025ರಲ್ಲಿ ಹೇಳಿತು. ಅದರಲ್ಲಾದರೂ ಆ ‘ಹೌದು’ ಪಕ್ಕ ಸೆಕ್ಷನ್, ಅದರ ಕೆಳಗೆ ಸಿ-7 ಹಾಕಲಿ, ನಾಲ್ಕನೇ ಸ್ಟಾರ್ ಅವತ್ತೇ ಕೊಡುತ್ತೇನೆ.

ಇಳಿಸಿಕೊಳ್ಳುವ ಮುಂಚೆ ಇನ್ನೊಂದು. ಇದು ಲೋಕಸಭೆ, ವಿಧಾನಸಭೆಯಂಥ ಚುನಾವಣೆಗೆ ಮಾತ್ರ. ಮಹಾನಗರ ಪಾಲಿಕೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆ. ದಾವಣಗೆರೆ ಪಾಲಿಕೆಯ 45 ವಾರ್ಡ್‌ಗಳಲ್ಲಿ ನಿಮ್ಮ ವಾರ್ಡಿಗೆ ಯಾರಿಗೆ ಟಿಕೆಟ್ ಸಿಕ್ಕಿತು, ಅವರ ಮೇಲೆ ಏನಿದೆ ಅಂತ ಇದರಲ್ಲಿ ಹುಡುಕಬೇಡಿ, ಸಿಗುವುದಿಲ್ಲ.