ಯಾಶಿಕಾ ಮ್ಯಾಟ್ 124ಜಿ: ಮದುವೆ ಮನೆಯಿಂದ ಮತಂಗ ಬೆಟ್ಟಕ್ಕೆ

ನಮ್ಮ ಮನೆಯ ಹಳೇ ಮದುವೆ ಆಲ್ಬಮ್‌ನಲ್ಲಿ ಫೋಟೋಗಳೆಲ್ಲ ಚೌಕ. ಸ್ಟುಡಿಯೋದವರು ಎರಡು ಕಣ್ಣಿನ ಡಬ್ಬ ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡು, ತಲೆ ಬಗ್ಗಿಸಿ ಅದರೊಳಗೆ ಇಣುಕಿ ತೆಗೆಯುತ್ತಿದ್ದರಲ್ಲ, ಅದೇ. ಅಂಥದ್ದೊಂದು, ಯಾಶಿಕಾ ಮ್ಯಾಟ್ 124ಜಿ, ಎರಡು ವರ್ಷದ ಹಿಂದೆ ಬಾಗಿಲು ಹಾಕುತ್ತಿದ್ದ ಒಂದು ಸ್ಟುಡಿಯೋದಿಂದ ಚರ್ಮದ ಚೀಲದ ಸಮೇತ 14 ಸಾವಿರಕ್ಕೆ ನನ್ನ ಕೈಗೆ ಬಂತು. ಎಷ್ಟು ಮದುವೆ ನೋಡಿದೆಯೋ ಏನೋ. ನಾನು ಮಾತ್ರ ಇದರಲ್ಲಿ ಮನುಷ್ಯರನ್ನು ತೆಗೆಯುವುದಿಲ್ಲ. ಬೆಟ್ಟ, ಬಂಡೆ, ಗದ್ದೆ, ಮಂಜು, ಅಷ್ಟೇ.

ಜಪಾನಿನಲ್ಲಿ 1970ರಿಂದ 1986ರವರೆಗೆ ತಯಾರಾದ ಕ್ಯಾಮೆರಾ ಇದು. 120 ಅನ್ನುವ ಅಳತೆಯ ಒಂದು ಫಿಲ್ಮ್ ರೀಲು ಹಾಕಿದರೆ 12 ಫೋಟೋ. ಕೆಳಗಿನ ಲೆನ್ಸ್ ಫೋಟೋ ತೆಗೆಯುವುದಕ್ಕೆ, 80 ಎಂಎಂ, ಎಫ್3.5. ಮೇಲಿನದು ನಾವು ನೋಡುವುದಕ್ಕೆ, ಅದು ಎಫ್2.8. (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.) ತೂಕ ಒಂದು ಕೆಜಿ ದಾಟುತ್ತದೆ, ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಇದರ ನಿಜವಾದ ಮಜಾ ಇರುವುದು ಮೇಲಿನ ಗಾಜಿನಲ್ಲಿ. ಮುಚ್ಚಳ ತೆಗೆದು ಕೆಳಗೆ ನೋಡಿದರೆ ಇಡೀ ಕಣಿವೆ ಅಂಗೈ ಅಗಲದಲ್ಲಿ ಬಿದ್ದಿರುತ್ತದೆ, ಬಣ್ಣದ ಸಮೇತ, ಆದರೆ ಎಡ ಬಲಕ್ಕೆ ಹೋಗಿ ಬಲ ಎಡಕ್ಕೆ ಬಂದು. ಮರ ಸ್ವಲ್ಪ ಬಲಕ್ಕೆ ಬರಲಿ ಅಂತ ತಿರುಗಿಸಿದರೆ ಅದು ಇನ್ನೂ ಎಡಕ್ಕೆ ಓಡುತ್ತದೆ. ದಿಗಂತ ಓರೆಯಾಗಿದೆ ಅಂತ ಸರಿಮಾಡಲು ಹೋದರೆ ಮತ್ತಷ್ಟು ಓರೆ! ಮೊದಲ ಮೂರು ರೀಲಿನಲ್ಲಿ ನನ್ನ ಬೆಟ್ಟಗಳೆಲ್ಲ ಜಾರಿ ಬೀಳುವ ಹಾಗಿದ್ದವು. ಆಮೇಲೆ ತಿಳಿಯಿತು, ಈ ತೊಂದರೆಯೇ ಉಪಕಾರ. ಗುರುತಿರುವ ಜಾಗ ಗುರುತಿಲ್ಲದ ಹಾಗೆ ಕಾಣುವುದರಿಂದ, 'ಓ ಇದು ಹಂಪಿ' ಅನ್ನುವುದು ಮರೆತು ಬರೀ ಆಕಾರ, ನೆರಳು ನೋಡುತ್ತೀರಿ. ಮೊಬೈಲಿನಲ್ಲಿ ನನಗೆ ಇದು ಯಾವತ್ತೂ ಆಗಿಲ್ಲ.

ಹಂಪಿಯ ಮತಂಗ ಬೆಟ್ಟದ ಮೇಲೆ ಬೆಳಗಿನ ಜಾವ ಕೂತಿದ್ದೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಸುತ್ತ ಬಂಡೆಗಳ ರಾಶಿ. ಚೌಕದಲ್ಲಿ ಇದ್ದಕ್ಕಿದ್ದಂತೆ ಆಕಾಶ ಜಾಸ್ತಿ ಆಗಿಬಿಡುತ್ತದೆ, ಬೇರೆ ಲೆನ್ಸ್ ಹಾಕೋಣ ಅಂದರೆ ಇದರಲ್ಲಿ ಲೆನ್ಸ್ ಬದಲಿಸುವ ಹಾಗೇ ಇಲ್ಲ. ಅದಕ್ಕೆ ನಾನು ಮುಂದೆ ಒಂದು ಬಂಡೆ ಸೇರಿಸಿಕೊಳ್ಳುತ್ತೇನೆ. ಎಫ್16 ಇಟ್ಟು 8 ಮೀಟರ್‌ಗೆ ಫೋಕಸ್ ಮಾಡಿದರೆ ಸುಮಾರು 4 ಮೀಟರ್‌ನಿಂದ ದೂರದ ಬೆಟ್ಟದ ತನಕ ಎಲ್ಲ ಸ್ಪಷ್ಟ. ಬೆಳಕು ಇನ್ನೂ ಬಂದಿರಲಿಲ್ಲ, ಫೋನಿನಲ್ಲಿರುವ ಬೆಳಕು ಅಳೆಯುವ ಮೀಟರ್ 10 ಸೆಕೆಂಡ್ ಅಂದಿತು. ಇಲ್‌ಫರ್ಡ್ ಎಫ್‌ಪಿ4 ಅನ್ನುವ ಕಪ್ಪು-ಬಿಳುಪು ರೀಲಿಗೆ ಅದು ಸಾಲದು, ಹೊತ್ತು ಹೆಚ್ಚಾದ ಹಾಗೆ ಫಿಲ್ಮ್ ಸೋಮಾರಿ ಆಗುತ್ತದೆ, 18 ಸೆಕೆಂಡ್ ಕೊಡಬೇಕು. ಶಟರ್‌ನಲ್ಲಿ ಇರುವುದು ಒಂದು ಸೆಕೆಂಡಿನ ತನಕ ಮಾತ್ರ, ಅದಕ್ಕೆ 'ಬಿ' (ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) ಇಟ್ಟು, ಶಟರ್ ಕೇಬಲ್ ಒತ್ತಿ ಹಿಡಿದು, ಬಾಯಲ್ಲಿ ಎಣಿಸಿದೆ. ಬಂಡೆಯ ಒಂದೊಂದು ಬಿರುಕೂ ಬಂದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೈನ್ಯಾಧಿಕಾರಿ ಇದೇ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿದ್ದ. ಅವನು ಹೊತ್ತದ್ದು ನೆನೆದರೆ ನನ್ನ ಒಂದು ಕೆಜಿ ಬಗ್ಗೆ ಗೊಣಗುವುದು ನಾಚಿಕೆಗೇಡು.

ಈಗ ಬೈಗುಳ.

ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ನಂಬಬೇಡಿ. ಅದಕ್ಕೆ ಬೇಕಾದ 1.35 ವೋಲ್ಟ್‌ನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ 1.5 ವೋಲ್ಟ್ ಸೆಲ್ ಹಾಕಿದರೆ ಬೆಳಕು ಜಾಸ್ತಿ ಇದೆ ಅಂತ ಸುಳ್ಳು ಹೇಳುತ್ತದೆ, ಫೋಟೋ ಕಪ್ಪಾಗುತ್ತದೆ. ಮುಚ್ಚಳ ತೆರೆದಿಟ್ಟರೆ ಸೆಲ್ ಸುಮ್ನೆ ಖಾಲಿಯಾಗುತ್ತಾ ಹೋಗುತ್ತದೆ, ಅದು ಬೇರೆ. ನಾನು ಸೆಲ್ ತೆಗೆದು ಬಿಸಾಕಿ ಫೋನಿನಲ್ಲಿ ಮೀಟರ್ ಆ್ಯಪ್ ಹಾಕಿಕೊಂಡಿದ್ದೇನೆ. ಶಟರ್ ಪೂರ್ತಿ ಯಂತ್ರದ್ದು, ಸೆಲ್ ಇಲ್ಲದೆ ಓಡುತ್ತದೆ. ಆ್ಯಪ್ ಇದ್ದರೂ ಮುಳ್ಳಯ್ಯನಗಿರಿಯ ಮಂಜಿನಲ್ಲಿ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣ ಆಗಿಬಿಡುತ್ತದೆ.

ಸೂರ್ಯನ ಕಡೆಗೆ ತಿರುಗಿಸಿದರೆ ಫೋಟೋ ಹಾಲು ಚೆಲ್ಲಿದ ಹಾಗೆ ಮಸುಕಾಗುತ್ತದೆ. ಲೆನ್ಸಿಗೆ ನೆರಳು ಕೊಡುವ ಹುಡ್ ಇಲ್ಲದೆ ಹೊರಗೆ ಹೊರಡಬೇಡಿ. ಇನ್ನು ಮಲೆನಾಡಿನವರಿಗೆ ಒಂದು ಮಾತು: ಮಳೆಗಾಲದಲ್ಲಿ ಆ ಚರ್ಮದ ಚೀಲದಲ್ಲಿ ಇಟ್ಟರೆ ಲೆನ್ಸಿಗೆ ಬೂಷ್ಟು ಗ್ಯಾರಂಟಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನನ್ನ ಹೆಂಡತಿಯ ಚಕ್ಕುಲಿ ಡಬ್ಬ ಹೀಗೇ ಹೋಯಿತು, ಆ ಜಗಳ ಇನ್ನೂ ಮುಗಿದಿಲ್ಲ.

ಖರ್ಚು? ಕಪ್ಪು-ಬಿಳುಪು ರೀಲು ಕಳೆದ ಸಲ ಸಾವಿರದ ಹತ್ತಿರ ಬಿತ್ತು, ಅಂದರೆ ಒಂದು ಕ್ಲಿಕ್ಕಿಗೆ ಒಂದು ಮಸಾಲೆ ದೋಸೆ. ಮೊದಲು ಒಂದು ಲ್ಯಾಬಿಗೆ ತೊಳೆಯಲು ಕೊಟ್ಟಿದ್ದೆ, ನೆಗೆಟಿವ್ ಉದ್ದಕ್ಕೂ ಗೀರು ಎಳೆದು ಕೊಟ್ಟರು, ಕೇಳಿದರೆ ಕ್ಯಾಮೆರಾದ್ದೇ ತಪ್ಪು ಅಂದರು. ಅವತ್ತಿನಿಂದ ಬಚ್ಚಲುಮನೆಯೇ ಲ್ಯಾಬ್. ಅರ್ಧಕ್ಕರ್ಧ ನೀರು ಬೆರೆಸಿದ ಐಡಿ-11 ಅನ್ನುವ ಡೆವಲಪರ್‌ನಲ್ಲಿ ಎಫ್‌ಪಿ4ಗೆ 20 ಡಿಗ್ರಿಯಲ್ಲಿ 11 ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರು 27-28 ಡಿಗ್ರಿ ಇರುತ್ತದೆ, ಅದಕ್ಕೆ ಬಕೆಟ್ಟಿಗೆ ಐಸ್ ಹಾಕಿ ತಣ್ಣಗೆ ಮಾಡಿಕೊಳ್ಳಬೇಕು.

ಹಕ್ಕಿ, ಮಕ್ಕಳು, ಓಡುವ ಏನನ್ನಾದರೂ ತೆಗೆಯುವವರು ಇದರ ಹತ್ತಿರ ಸುಳಿಯಬೇಡಿ. ಒಂದು ಬೆಟ್ಟದ ಮುಂದೆ ಎರಡು ಗಂಟೆ ಸುಮ್ಮನೆ ಕೂರಬಲ್ಲವರು ಕೊಳ್ಳಬಹುದು. ಕೊಳ್ಳುವಾಗ ಹಿಂಬದಿ ಬಾಗಿಲು ತೆಗೆದು, 'ಬಿ'ಯಲ್ಲಿ ಶಟರ್ ತೆರೆದು ಹಿಡಿದು, ಲೆನ್ಸಿನ ಮೂಲಕ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂತೆ ಕಂಡರೆ ಬೂಷ್ಟು, ವಾಪಸ್ ಬನ್ನಿ. ಶಟರ್ ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗೊಡಿ. ನನ್ನದು ಎಣ್ಣೆ ಒಣಗಿ ಎರಡು ಸೆಕೆಂಡ್ ಎಳೆಯುತ್ತಿತ್ತು, ಬಿಚ್ಚಿ ತೊಳೆಸಲು ಇನ್ನೂ ಮೂರೂವರೆ ಸಾವಿರ ಹೋಯಿತು. ಒಳಗೆ ಫಿಲ್ಮ್ ಒತ್ತಿ ಹಿಡಿಯುವ ತಗಡು 12ರಲ್ಲೇ ಇದೆಯಾ ನೋಡಿಕೊಳ್ಳಿ, 24 ಇರುವುದು 220 ರೀಲಿಗೆ. ಮತ್ತೆ ಆ ಸೆಲ್ಫ್ ಟೈಮರ್ ಕಡ್ಡಿ ಮಾತ್ರ, ಮಾರುವವರು ಎಷ್ಟೇ ಹೇಳಲಿ, ಎಳೆಯಬೇಡಿ. ಹಳೇ ಕ್ಯಾಮೆರಾ, ಅಲ್ಲೇ ಸಿಕ್ಕಿಹಾಕಿಕೊಂಡರೆ ಶಟರ್ರೂ ನಿಲ್ಲುತ್ತದೆ.