ರೀಫಂಡ್ ಕೊಡ್ತೀವಿ, ಓಟಿಪಿ ಹೇಳಿ ಅಂದರೆ ಸ್ವಲ್ಪ ತಡೀರಿ

ವಿಮಾನ ಕಂಪನಿಯೇ ನಿಮ್ಮ ಫ್ಲೈಟ್ ರದ್ದು ಮಾಡಿದ್ದರೆ ಅವಸರಪಟ್ಟು ನೀವಾಗಿ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ನಿಮ್ಮ ಪರವಾಗಿ ಬೇರೆಯವರು ಮಾಡುವುದಕ್ಕೂ ಬಿಡಬೇಡಿ. ಮುಂದಿನದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಂಡರೂ ಸಾಕು. ರದ್ದು ಮಾಡಿದ್ದು ಅವರಾದರೆ ಪೂರ್ತಿ ದುಡ್ಡು ಕೇಳುವ ಹಕ್ಕು ನಿಮಗಿದೆ. ರದ್ದು ಮಾಡಿದ್ದು ನೀವು ಅಂತ ಅವರ ಕಂಪ್ಯೂಟರಿನಲ್ಲಿ ದಾಖಲಾದರೆ ಕೈಗೆ ಬರುವುದು ಚೂರುಪಾರು.

2024ರ ಕಾರ್ತಿಕ ಮಾಸದಲ್ಲಿ ಕಾಶಿಗೆ ಹೊರಟಿದ್ದೆವು. ಅತ್ತೆ, ಮಾವ, ನಮ್ಮಮ್ಮ, ನಾನು, ನಮ್ಮ ಯಜಮಾನ್ರು. ಬೆಂಗಳೂರಿನಿಂದ ವಾರಾಣಸಿಗೆ ನೇರ ಫ್ಲೈಟ್. ಕಾರ್ಡಿಗೆ ಡಿಸ್ಕೌಂಟ್ ಇದೆ ಅಂತ ಒಂದು ಟ್ರಾವೆಲ್ ಆ್ಯಪ್‌ನಲ್ಲಿ ಟಿಕೆಟ್ ತೆಗೆದಿದ್ದೆವು. ವಾಪಸ್ ಬರುವುದಕ್ಕೆ ಸಮಯ ಸರಿಹೊಂದಲಿಲ್ಲವಾದ್ದರಿಂದ ಬೇರೆ ಏರ್‌ಲೈನ್, ಬೇರೆ ಪಿಎನ್‌ಆರ್, ಅಂದರೆ ಬೇರೆ ಬುಕಿಂಗ್ ನಂಬರ್. ಯಾವ ಆ್ಯಪ್, ಯಾವ ಏರ್‌ಲೈನ್ ಅಂತ ಇಲ್ಲಿ ಹೇಳುವುದಿಲ್ಲ. ಇದೇ ಕಥೆಯನ್ನು ಬೇರೆ ಬೇರೆ ಹೆಸರು ಹಾಕಿಕೊಂಡು ಹೇಳುವವರು ನಮ್ಮ ನೆಂಟರಲ್ಲೇ ಇದ್ದಾರೆ.

ಹೊರಡಲು ಇನ್ನೊಂದು ವಾರ ಇದೆ ಅನ್ನುವಾಗ ಮೆಸೇಜ್ ಬಂತು. 'ನಿಮ್ಮ ಪ್ರಯಾಣದ ವೇಳೆಯಲ್ಲಿ ಬದಲಾವಣೆ ಆಗಿದೆ' ಅಂತ. ತೆಗೆದು ನೋಡಿದರೆ ನೇರ ಫ್ಲೈಟೇ ಇಲ್ಲ. ಅದರ ಬದಲು ಮಾರನೇ ದಿನ ದೆಹಲಿಗೆ ಹೋಗಿ, ಅಲ್ಲಿ ರಾತ್ರಿಯಿಡೀ ಏರ್‌ಪೋರ್ಟಿನಲ್ಲಿ ಕೂತು, ಬೆಳಿಗ್ಗೆ ಇನ್ನೊಂದು ಫ್ಲೈಟ್ ಹಿಡಿಯಬೇಕು. ಅತ್ತೆಗೆ ಮಂಡಿ ನೋವು. ಮಾವನವರು ಗಯೆಯಲ್ಲಿ ಪಿಂಡ ಇಡಲು ಪುರೋಹಿತರ ಹತ್ತಿರ ಮಾತಾಡಿ ದಿನ ಗೊತ್ತು ಮಾಡಿದ್ದರು. ಒಂದು ದಿನ ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಬೇಡ, ದುಡ್ಡು ವಾಪಸ್ ತಗೊಳ್ಳೋಣ ಅಂತ ತೀರ್ಮಾನ ಆಯಿತು.

ಆ್ಯಪ್‌ನ ಕಸ್ಟಮರ್ ಕೇರ್‌ಗೆ ಯಜಮಾನ್ರು ಫೋನ್ ಮಾಡಿದರು. ಆ ಕಡೆಯವರು ಬಹಳ ವಿನಯದಿಂದ ಮಾತಾಡಿದರು. 'ಸರ್, ಏರ್‌ಲೈನ್‌ನವರೇ ಬದಲಾಯಿಸಿರೋದ್ರಿಂದ ನಿಮಗೆ ಫುಲ್ ರೀಫಂಡ್ ಇದೆ. ನಾನೇ ಪ್ರೋಸೆಸ್ ಮಾಡ್ತೀನಿ. ಒಂದು ಓಟಿಪಿ ಬರುತ್ತೆ, ಹೇಳಿ.' ಹೇಳಿದ್ದಾಯಿತು. ಐದು ನಿಮಿಷಕ್ಕೆ ಇಮೇಲ್ ಬಂತು. ಅದರಲ್ಲಿ ರದ್ದತಿಗೆ ಕಾರಣ ಅನ್ನುವ ಜಾಗದಲ್ಲಿ ಪ್ರಯಾಣಿಕರ ಕೋರಿಕೆ ಅಂತ ಇತ್ತು. ತಲೆಗಿಷ್ಟು ಅಂತ ಕ್ಯಾನ್ಸಲೇಶನ್ ಚಾರ್ಜ್ ಹಿಡಿದಿದ್ದರು. ಉಳಿದದ್ದೂ ಕಾರ್ಡಿಗೆ ಬರಲಿಲ್ಲ, 'ಕ್ರೆಡಿಟ್ ಶೆಲ್' ಆಗಿ ಕೂತಿತ್ತು.

ಈ ಕ್ರೆಡಿಟ್ ಶೆಲ್ ಅನ್ನುವುದು, ಚಿಲ್ಲರೆ ಇಲ್ಲ ಅಂತ ಅಂಗಡಿಯವನು ಕೈಗೆ ಚಾಕಲೇಟ್ ಇಟ್ಟ ಹಾಗೆ. ದುಡ್ಡು ನಿಮ್ಮದೇ, ಆದರೆ ಅವರ ಹತ್ತಿರವೇ ಖರ್ಚು ಮಾಡಬೇಕು. ಅದಕ್ಕೊಂದು ಕೊನೇ ದಿನಾಂಕ ಇರುತ್ತದೆ. ಹೆಚ್ಚಾಗಿ ಯಾರ ಹೆಸರಲ್ಲಿ ಟಿಕೆಟ್ ಇತ್ತೋ ಅವರಿಗೇ ಬಳಸಬೇಕು ಅನ್ನುತ್ತಾರೆ. ಎಪ್ಪತ್ತು ದಾಟಿದ ಮಾವನವರು ವರ್ಷದೊಳಗೆ ಇನ್ನೊಂದು ಸಲ ವಿಮಾನ ಹತ್ತುತ್ತಾರೆ ಅಂತ ಲೆಕ್ಕ ಹಾಕಿದವರು ಯಾರೋ!

ಈಗ ನಿಯಮ ಏನು ಹೇಳುತ್ತದೆ ನೋಡಿ. ನಮ್ಮ ದೇಶದಲ್ಲಿ ವಿಮಾನಯಾನದ ಮೇಲೆ ಕಣ್ಣಿಡುವುದು ಡಿಜಿಸಿಎ. ಟಿಕೆಟ್ ರೀಫಂಡ್ ಬಗ್ಗೆಯೇ ಅದರದ್ದು ಪ್ರತ್ಯೇಕ ನಿಯಮ ಇದೆ. ದುಡ್ಡನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಬೇಕೋ ಬೇಡವೋ ಅನ್ನುವುದು ಪ್ರಯಾಣಿಕರ ಇಷ್ಟ, ಏರ್‌ಲೈನ್ ತಾನಾಗಿ ಹಾಗೆ ಮಾಡುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ರದ್ದಾದ 7 ದಿನದೊಳಗೆ ವಾಪಸ್ ಕೊಡಬೇಕು. ಏಜೆಂಟ್ ಅಥವಾ ಆ್ಯಪ್ ಮೂಲಕ ತೆಗೆದಿದ್ದರೂ ದುಡ್ಡು ಕೊಡಿಸುವ ಹೊಣೆ ಏರ್‌ಲೈನ್‌ನದ್ದೇ, ಯಾಕೆಂದರೆ ಏಜೆಂಟರು ಅವರು ನೇಮಿಸಿದ ಪ್ರತಿನಿಧಿಗಳು. ಇದಕ್ಕೆ ಆಗ ಇದ್ದ ಗಡುವು 30 ಕೆಲಸದ ದಿನ. 2025ರ ನವೆಂಬರ್‌ನಲ್ಲಿ ಈ ನಿಯಮವನ್ನು ಇನ್ನಷ್ಟು ಬಿಗಿ ಮಾಡಲು ಡಿಜಿಸಿಎ ಕರಡು ಹೊರಡಿಸಿತು. ಹಾಗಾಗಿ ನಿಮ್ಮ ಟಿಕೆಟ್ ಹೊತ್ತಿಗೆ ಯಾವ ಗಡುವು ಜಾರಿಯಲ್ಲಿದೆ ಅಂತ ಅದರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ಏರ್‌ಲೈನ್ ಫ್ಲೈಟ್ ರದ್ದು ಮಾಡಿದರೆ ಅನ್ವಯಿಸುವುದು ಇನ್ನೊಂದು ನಿಯಮ. ಬೇರೆ ಫ್ಲೈಟ್ ಬೇಕೋ, ದುಡ್ಡು ಬೇಕೋ ಅಂತ ಅವರು ನಿಮ್ಮನ್ನು ಕೇಳಬೇಕು. ಸರಿಯಾಗಿ ತಿಳಿಸದೆ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಪರಿಹಾರವೂ ಇದೆ. ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿಯಾದರೆ 10,000. ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಮ್ಮಿಯೋ ಅದು. ಹವಾಮಾನದಂಥ ಕೈಮೀರಿದ ಕಾರಣವಿದ್ದರೆ ಇದು ಸಿಗುವುದಿಲ್ಲ. ನಮಗೆ ವಾರದ ಮುಂಚೆ ತಿಳಿಸಿದ್ದರಿಂದ ಪರಿಹಾರದ ಮಾತು ಬರಲಿಲ್ಲ. ಆದರೆ ಟಿಕೆಟ್ ದುಡ್ಡು ಪೂರ್ತಿ ಬರಬೇಕಿತ್ತು ಅಲ್ವಾ?

ಬರಲಿಲ್ಲ. ಶುರುವಾಯಿತು ಓಡಾಟ. ಏರ್‌ಲೈನ್‌ಗೆ ಫೋನ್ ಮಾಡಿದರೆ 'ಬುಕಿಂಗ್ ಏಜೆಂಟರದ್ದು, ಶೆಲ್ ಅವರ ಖಾತೆಯಲ್ಲಿದೆ, ಅವರನ್ನೇ ಕೇಳಿ' ಅನ್ನುತ್ತಾರೆ. ಆ್ಯಪ್‌ನವರನ್ನು ಕೇಳಿದರೆ 'ಏರ್‌ಲೈನ್‌ನಿಂದ ನಮಗೆ ಇನ್ನೂ ದುಡ್ಡು ಬಂದಿಲ್ಲ' ಅನ್ನುತ್ತಾರೆ. ಪ್ರತಿ ಸಲವೂ ಹೊಸಬರು ಫೋನ್ ಎತ್ತುತ್ತಾರೆ, ಪ್ರತಿ ಸಲವೂ ರಾಮಾಯಣ ಮೊದಲಿಂದ ಹೇಳಬೇಕು. ಹೊಸ ದೂರಿನ ನಂಬರ್ ಕೊಟ್ಟು ಹಳೆಯದನ್ನು 'ಬಗೆಹರಿದಿದೆ' ಅಂತ ಮುಚ್ಚುತ್ತಾರೆ. ನನಗೆ ಕೊನೆಕೊನೆಗೆ ಅವರ ಕಾಯುವ ಸಂಗೀತ ಬಾಯಿಪಾಠ ಆಗಿತ್ತು.

ಬ್ಯಾಂಕಿಗೂ ಹೋದೆವು. ಕಾರ್ಡಿನಲ್ಲಿ ಕೊಟ್ಟ ದುಡ್ಡಿಗೆ ಸೇವೆ ಸಿಗದಿದ್ದರೆ ಚಾರ್ಜ್‌ಬ್ಯಾಕ್ ಕೇಳಬಹುದು, ಅಂದರೆ ಬ್ಯಾಂಕ್ ಮೂಲಕವೇ ಆ ದುಡ್ಡು ವಾಪಸ್ ಕೇಳುವುದು. ಕೇಳಿದೆವು. ಆ್ಯಪ್‌ನವರು ಅದೇ ಇಮೇಲ್ ಬ್ಯಾಂಕಿಗೆ ಕಳಿಸಿದರು. ನೋಡಿ, ಗ್ರಾಹಕರೇ ಓಟಿಪಿ ಕೊಟ್ಟು ರದ್ದು ಮಾಡಿದ್ದಾರೆ ಅಂತ. ಬ್ಯಾಂಕ್ ಕೈಚೆಲ್ಲಿತು. ಆ ಓಟಿಪಿ ಯಾಕೆ ಕೇಳಿದ್ದು ಅಂತ ನಮಗೆ ಆಗ ಅರ್ಥ ಆಯಿತು.

ಈ ಮಧ್ಯೆ ಮಾವನವರು ತಾವೂ ಒಂದು ಕೈ ನೋಡೋಣ ಅಂತ ಗೂಗಲ್‌ನಲ್ಲಿ ಏರ್‌ಲೈನ್ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕಿದ್ದಾರೆ. ಮೇಲೆ ಬಂದ ನಂಬರಿಗೆ ಫೋನ್. ಮೊದಲ ರಿಂಗಿಗೇ ಎತ್ತಿದರಂತೆ. ನನಗಂತೂ ಅಲ್ಲೇ ಅನುಮಾನ ಬರುತ್ತಿತ್ತು, ನಿಜವಾದ ಏರ್‌ಲೈನ್ ಯಾವತ್ತು ಮೊದಲ ರಿಂಗಿಗೆ ಎತ್ತಿದೆ? 'ಅಂಕಲ್, ರೀಫಂಡ್ ರೆಡಿ ಇದೆ, ಒಂದು ಆ್ಯಪ್ ಹಾಕ್ಕೊಳಿ, ನಾನು ಹೇಳಿದ ಹಾಗೆ ಹತ್ತು ರೂಪಾಯಿ ಕಳಿಸಿ, ಖಾತೆ ಪರಿಶೀಲನೆಗೆ' ಅಂದಿದ್ದಾರೆ. ಮಾವ ಮೂವತ್ತು ವರ್ಷ ಖಜಾನೆಯಲ್ಲಿ ಕೆಲಸ ಮಾಡಿದವರು. 'ದುಡ್ಡು ಕೊಡಬೇಕಾದವನು ನೀನು, ನಾನ್ಯಾಕೆ ಕಳಿಸಲಿ?' ಅಂತ ಫೋನ್ ಇಟ್ಟರು. ಆ ಆ್ಯಪ್ ನಿಮ್ಮ ಫೋನಿನ ಪರದೆ ಅವರಿಗೆ ಕಾಣುವ ಹಾಗೆ ಮಾಡುವಂಥದ್ದು. ಹಾಕಿಕೊಂಡಿದ್ದರೆ ಖಾತೆ ಖಾಲಿ. ನಂಬರನ್ನು ಏರ್‌ಲೈನ್‌ನ ಸ್ವಂತ ವೆಬ್‌ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ರೀಫಂಡ್ ಪಡೆಯಲು ಯುಪಿಐ ಪಿನ್ ಯಾವತ್ತೂ ಒತ್ತಬೇಕಾಗಿಲ್ಲ. ಯಾರಾದರೂ ಈಗಾಗಲೇ ಸಿಕ್ಕಿಬಿದ್ದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ಎರಡು ಸ್ಕ್ರೀನ್‌ಶಾಟ್. ಒಂದು, ವೇಳೆ ಬದಲಾಗಿದೆ ಅಂತ ಬಂದ ಮೊದಲ ಮೆಸೇಜ್, ದಿನಾಂಕ ಗಂಟೆ ಸಮೇತ. ಇನ್ನೊಂದು, ಪ್ರಯಾಣಿಕರ ಕೋರಿಕೆ ಅಂತ ಬಂದ ಇಮೇಲ್, ಅದಕ್ಕೂ ದಿನಾಂಕ ಗಂಟೆ ಸಮೇತ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಫ್ಲೈಟ್ ಮೊದಲು ತೆಗೆದವರು ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ. ಫೋನಿನಲ್ಲಿ ಕೂಗಾಡುವುದು ಬಿಟ್ಟು ಏರ್‌ಲೈನ್‌ನ ನೋಡಲ್ ಅಧಿಕಾರಿಗೆ, ಅಂದರೆ ದೂರು ನೋಡಿಕೊಳ್ಳುವವರಿಗೆ, ಇಮೇಲ್ ಮಾಡಿದೆವು. ಆ ವಿಳಾಸ ಅವರ ವೆಬ್‌ಸೈಟಿನಲ್ಲೇ ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಉತ್ತರ ಸರಿಬರದಿದ್ದಾಗ ಮೇಲ್ಮನವಿ ಅಧಿಕಾರಿಗೆ ಬರೆದೆವು. ಜೊತೆಗೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದಾಖಲಿಸಿದೆವು. ಆಮೇಲೆ ಫೋನ್ ಅವರ ಕಡೆಯಿಂದಲೇ ಬರತೊಡಗಿತು! ಹೋಗುವ ಟಿಕೆಟಿನ ದುಡ್ಡು ಕಾರ್ಡಿಗೆ ಬಂತು, ಹಿಡಿದಿದ್ದ ಕ್ಯಾನ್ಸಲೇಶನ್ ಚಾರ್ಜೂ ಸೇರಿ.

ದುಡ್ಡು 'ಕಳಿಸಿದ್ದೇವೆ' ಅಂತ ಅವರು ಹೇಳಿ, ಕಾರ್ಡಿನಲ್ಲಿ ಕಾಣದಿದ್ದರೆ ಎಆರ್‌ಎನ್ ನಂಬರ್, ಅಂದರೆ ಆ ಕಾರ್ಡ್ ವ್ಯವಹಾರದ ಗುರುತಿನ ನಂಬರ್, ಕೊಡಿ ಅಂತ ಕೇಳಿ. ಯುಪಿಐ ಆಗಿದ್ದರೆ ಅದೇ ಥರದ ಯುಟಿಆರ್ ನಂಬರ್. ಆ ನಂಬರ್ ಹಿಡಿದು ನಿಮ್ಮ ಬ್ಯಾಂಕ್ ದುಡ್ಡನ್ನು ಹುಡುಕಿಕೊಡುತ್ತದೆ. ನಂಬರ್ ಕೊಡಲು ತಡವರಿಸಿದರೆ ಕಳಿಸಿಲ್ಲ ಅಂತಲೇ ನಾನು ಅಂದುಕೊಳ್ಳುವುದು.

ಇನ್ನು ವಾಪಸ್ ಬರುವ ಟಿಕೆಟ್. ಆ ಏರ್‌ಲೈನ್ ಏನೂ ತಪ್ಪು ಮಾಡಿರಲಿಲ್ಲ, ಫ್ಲೈಟ್ ಹೇಳಿದ ದಿನ ಹಾರಿತು. ಬೇರೆ ಪಿಎನ್‌ಆರ್ ಆದ್ದರಿಂದ ನಮ್ಮ ಹೋಗುವ ಫ್ಲೈಟ್ ರದ್ದಾದದ್ದು ಅವರಿಗೆ ಸಂಬಂಧವಿಲ್ಲ. ಅಗ್ಗದ ದರದ ಟಿಕೆಟ್, ರೀಫಂಡ್ ಇಲ್ಲ ಅಂತ ಆ್ಯಪ್ ಸೊನ್ನೆ ತೋರಿಸಿತು. ಸುಮ್ನೆ ಒಪ್ಪಿಕೊಂಡು ಬಿಡುವವರೇ ಜಾಸ್ತಿ. ಆದರೆ ಮೂಲ ದರ ವಾಪಸ್ ಇಲ್ಲದ ಟಿಕೆಟಿಗೂ ಸರ್ಕಾರಿ ತೆರಿಗೆ ಮತ್ತು ಏರ್‌ಪೋರ್ಟಿನ ಬಳಕೆದಾರರ ಶುಲ್ಕ, ಅಂದರೆ ಯುಡಿಎಫ್ ಅಂತ ಬರೆದಿರುತ್ತದಲ್ಲ ಅದು, ವಾಪಸ್ ಕೊಡಲೇಬೇಕು. ನೀವು ಫ್ಲೈಟಿಗೆ ಹೋಗದೇ ಇದ್ದರೂ ಸರಿ, ಆಫರ್ ಟಿಕೆಟ್ ಆದರೂ ಸರಿ. ರದ್ದತಿ ಶುಲ್ಕವೂ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ್ದಕ್ಕಿಂತ ಮೇಲೆ ಹೋಗುವಂತಿಲ್ಲ. ರೀಫಂಡ್ ಮಾಡಿಕೊಡುವುದಕ್ಕೆ ಅಂತ ಏರ್‌ಲೈನ್ ಬೇರೆ ಚಾರ್ಜ್ ಹಾಕುವಂತಿಲ್ಲ. ಟಿಕೆಟಿನ ದರದ ವಿವರ ತೆಗೆದು, ಸಾಲು ಸಾಲಾಗಿ ಯಾವುದು ವಾಪಸ್ ಬರಬೇಕು ಅಂತ ಬರೆದು ಕೇಳಿದೆವು. ಬಂತು. ಐದು ಜನಕ್ಕೆ ಲೆಕ್ಕ ಹಾಕಿದರೆ ಬಿಡುವಂಥ ಮೊತ್ತವೇನಲ್ಲ.

ಬುಕಿಂಗ್ ಮಾಡುವಾಗ ಆ್ಯಪ್‌ನವರು ಮಾರಿದ 'ಫ್ರೀ ಕ್ಯಾನ್ಸಲೇಶನ್' ಪ್ಲಾನ್ ಬಗ್ಗೆ ಏನು ಹೇಳಲಿ. ತಲೆಗಿಷ್ಟು ಅಂತ ದುಡ್ಡು ಕೊಟ್ಟಿದ್ದೆವು. ಏರ್‌ಲೈನ್ ರದ್ದು ಮಾಡಿದರೆ ಇದು ಅನ್ವಯಿಸುವುದಿಲ್ಲ ಅಂತ ಷರತ್ತಿನಲ್ಲಿದೆಯಂತೆ. ಸರಿ, ನಿಮ್ಮ ದಾಖಲೆ ಪ್ರಕಾರ ನಾವೇ ರದ್ದು ಮಾಡಿದ್ದಲ್ವಾ, ಹಾಗಾದರೆ ಅನ್ವಯಿಸಲಿ ಅಂದೆವು. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ಒಂದೇ ರದ್ದತಿ ಚಾರ್ಜ್ ಹಿಡಿಯುವಾಗ ನಮ್ಮದು, ಪ್ಲಾನ್ ಕೇಳುವಾಗ ಏರ್‌ಲೈನ್‌ನದ್ದು.

ಸಿಕ್ಕಿದ್ದು ಸಿಗಲಿ, ಶೆಲ್ ಇದ್ದರೆ ಇರಲಿ ಅನ್ನುವವರಿಗೆ ಎರಡು ಮಾತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. 2023ರ ಮೇ 2ರಂದು ಗೋ ಫಸ್ಟ್ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು, ಮಾರನೇ ದಿನವೇ ಅದರ ವಿಮಾನಗಳು ನಿಂತವು. ಹಾಗಾದಾಗ ಪ್ರಯಾಣಿಕರೂ ಕಂಪನಿಗೆ ಸಾಲ ಕೊಟ್ಟವರ ಸಾಲಿನಲ್ಲಿ ನಿಂತು ಕ್ಲೇಮ್ ಹಾಕಬೇಕು, ಅದೂ ಬ್ಯಾಂಕುಗಳ ಹಿಂದೆ. ಕೊರೋನಾ ಕಾಲದ ಟಿಕೆಟ್ ದುಡ್ಡಿಗೆ ಸುಪ್ರೀಂ ಕೋರ್ಟೇ ಬರಬೇಕಾಯಿತು. 2020ರ ಅಕ್ಟೋಬರ್ 1ರ ಆ ಆದೇಶದಲ್ಲಿ ಲಾಕ್‌ಡೌನ್ ಸಮಯದಲ್ಲೇ ಬುಕ್ ಮಾಡಿ ಲಾಕ್‌ಡೌನ್ ಸಮಯದಲ್ಲೇ ಹೋಗಬೇಕಿದ್ದವರಿಗೆ ಪೂರ್ತಿ ದುಡ್ಡು ಕೊಡಿ ಅಂದಿತು. ಕಷ್ಟದಲ್ಲಿದ್ದ ಕಂಪನಿಗಳಿಗೆ ಕ್ರೆಡಿಟ್ ಶೆಲ್ ಕೊಡಲು ಬಿಟ್ಟರೂ 2021ರ ಮಾರ್ಚ್ 31ರೊಳಗೆ ಬಳಸದೆ ಉಳಿದದ್ದನ್ನು ನಗದಾಗಿ ವಾಪಸ್ ಮಾಡಬೇಕು ಅಂತ ಕಟ್ಟು ಹಾಕಿತು. ಅಷ್ಟು ದೊಡ್ಡ ಸಂಕಟದಲ್ಲೂ ಶೆಲ್‌ಗೆ ಕೊನೆಯಲ್ಲಿ ದುಡ್ಡಾಗುವ ದಾರಿ ಇಟ್ಟಿದ್ದರು. ಈಗ ಕೊಡುವವರು ಆ ದಾರಿ ಇಡುವುದಿಲ್ಲ.

ನಾವು ಈಗ ಟಿಕೆಟ್ ತೆಗೆಯುವುದು ನೇರವಾಗಿ ಏರ್‌ಲೈನ್ ವೆಬ್‌ಸೈಟಿನಲ್ಲಿ, ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ. ಹೋಗಿಬರುವುದು ಆದಷ್ಟೂ ಒಂದೇ ಪಿಎನ್‌ಆರ್‌ನಲ್ಲಿ. ಏಜೆಂಟರ ಹತ್ತಿರ ತೆಗೆಯಲೇಬೇಕಾದರೆ ಆ ಪಿಎನ್‌ಆರ್‌ಗೆ ನಿಮ್ಮದೇ ಫೋನ್ ನಂಬರು, ಇಮೇಲ್ ಸೇರಿಸಿಕೊಳ್ಳಿ. ಎಷ್ಟೋ ಏಜೆಂಟರು ತಮ್ಮದನ್ನೇ ಹಾಕಿರುತ್ತಾರೆ, ಫ್ಲೈಟ್ ರದ್ದಾದ ಸುದ್ದಿಯೂ ಅವರಿಗೇ ಹೋಗುತ್ತದೆ. ಮೆಸೇಜ್ ಬಂದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಏರ್‌ಲೈನ್‌ಗೆ ಇಮೇಲ್: 'ಬದಲಿ ಫ್ಲೈಟ್ ಒಪ್ಪಿಗೆ ಇಲ್ಲ, ಪೂರ್ತಿ ದುಡ್ಡು ಕೊಟ್ಟ ಖಾತೆಗೇ ವಾಪಸ್ ಬೇಕು, ಕ್ರೆಡಿಟ್ ಶೆಲ್ ಬೇಡ' ಅಂತ. ಅದಕ್ಕೆ ಬರಹದಲ್ಲಿ ಉತ್ತರ ಬರುವವರೆಗೆ ಯಾವ ಬಟನ್ನೂ ಒತ್ತಬೇಡಿ. ಆದರೆ ಫ್ಲೈಟ್ ಹೊರಡುವ ಸಮಯ ಮೀರುವವರೆಗೆ ಸುಮ್ಮನೆ ಕೂರಬೇಡಿ, ನೀವೇ ಬರಲಿಲ್ಲ ಅಂತ ಬರೆದುಕೊಂಡುಬಿಡುತ್ತಾರೆ.

ನಮ್ಮದು ಇನ್ನೂ ಪೂರ್ತಿ ಮುಗಿದಿಲ್ಲ. ಆ್ಯಪ್‌ನ ಕನ್ವೀನಿಯನ್ಸ್ ಫೀ ಮತ್ತು ಆ ಫ್ರೀ ಕ್ಯಾನ್ಸಲೇಶನ್ ಪ್ಲಾನಿನ ದುಡ್ಡು ಬಾಕಿ ಇದೆ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು, ಕಂಪನಿ ಆಫೀಸು ಎಲ್ಲೇ ಇರಲಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಕೋರ್ಟ್ ಶುಲ್ಕವೂ ಇಲ್ಲ, ಆನ್‌ಲೈನ್‌ನಲ್ಲೇ ದಾಖಲಿಸಬಹುದು. ಯಜಮಾನ್ರು 'ಹೋಗ್ಲಿ ಬಿಡು' ಅನ್ನುತ್ತಿದ್ದಾರೆ. ಮಾವನವರು ಕಾಗದಗಳನ್ನೆಲ್ಲ ಪ್ರಿಂಟ್ ತೆಗೆಸಿ ಫೈಲ್ ಮಾಡಿ ಇಟ್ಟಿದ್ದಾರೆ.